ಎಲ್ಕ್ ಬೇಟೆಗೆ ಎಂಥ ಕೋವಿ?

(ಕೋರಾಡಿಯಲ್ಲಿ ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ತಿಂಗಳ ಭಾಷಣಕ್ಕೆ ಕಾರ್ಯದರ್ಶಿಗಳು ನನ್ನ ಹೆಸರನ್ನು ಬರೆದುಕೊಂಡಾಗ, ನಾನು ಟರ್ಬೈನುಗಳ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆಂದು ಎಣಿಸಿದ್ದರು. ಈ ಊರಿನ ವಿದ್ಯುತ್ ಕೇಂದ್ರದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನಿಂದ ಅದನ್ನು ನಿರೀಕ್ಷಿಸುವುದು ಸಹಜವೇ. ಆದರೆ ನಾನು ಆರಿಸಿಕೊಂಡ ವಿಷಯ ಕೋವಿ. ಅದರಲ್ಲಿಯೂ ಅಮೆರಿಕದ ಎಲ್ಕ್ ಬೇಟೆಗೆ ಬೇಕಾದ ಹಗುರ ಕೋವಿ. ಇದೇನು ವಿಪರೀತ ಎಂದು ತಾವು ಹುಬ್ಬೇರಿಸುವ ಮೊದಲೇ ಕಾರಣವನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಅಕ್ಕನ ಮಗ ಕೆಲಸದ ಮೇಲೆ ಕೊಲೊರಾಡೊ ರಾಜ್ಯದಲ್ಲಿದ್ದಾನೆ. ಕಳೆದ ವರ್ಷ ಒಂದು ರಾತ್ರಿ ಫೋನು ಮಾಡಿದ. “ಮಾವ, ಇಲ್ಲಿನ ಸ್ನೇಹಿತರ ಜೊತೆ ಎಲ್ಕ್ ಬೇಟೆಗೆ ಹೋಗಬೇಕು ಅಂತಿದೀನಿ. ಬೆಟ್ಟ ಹತ್ತಬೇಕು, ಅದಕ್ಕೆ ಹಗುರವಾದ ರೈಫಲ್ ತಗೊಳ್ಳೋಣ ಅಂತ. ಯಾವ ಕ್ಯಾಲಿಬರ್ ಒಳ್ಳೇದು ಅಂತ ಹತ್ತು ಜನ ಹತ್ತು ಥರ ಹೇಳ್ತಾರೆ. ನೀವು ಚಿಕ್ಕವರಿದ್ದಾಗ ಶಿಕಾರಿಯವರ ಹಿಂದೆ ಓಡಾಡಿದೋರು. ನೀವೇ ಹೇಳಿ,” ಎಂದ.

ನಾನು ನನ್ನ ಜೀವಮಾನದಲ್ಲಿ ಒಂದು ಪ್ರಾಣಿಯನ್ನೂ ಕೊಂದವನಲ್ಲ. ಆದರೂ ಸಕಲೇಶಪುರದ ಕಡೆಯ ತೋಟದಲ್ಲಿ ಹುಟ್ಟಿ ಬೆಳೆದವನು. ಕೋವಿಗಳನ್ನು ಕಂಡಿದ್ದೇನೆ, ಗುಂಡೇಟು ತಿಂದ ಪ್ರಾಣಿಯನ್ನೂ ಕಂಡಿದ್ದೇನೆ. ಹುಡುಗನಿಗೆ ಕೂಡಲೇ ಉತ್ತರ ಕೊಡಲಿಲ್ಲ. ಒಂದು ವಾರ ಯೋಚಿಸಿ, ಲೆಕ್ಕ ಹಾಕಿ ಹೇಳಿದೆ. ಆ ಉತ್ತರವೇ ಈ ಭಾಷಣ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಹೆಸರು ಹೇಗೆ ಮೋಸ ಮಾಡುತ್ತದೆಂಬುದು ನಾಗಪುರಕ್ಕೆ ಬಂದ ಕನ್ನಡಿಗರಿಗೆಲ್ಲ ಗೊತ್ತು. ನಮ್ಮ ಮನೆಯವರು ಮೊದಲ ಬಾರಿ ಇಲ್ಲಿನ ಸಂತೆಗೆ ಹೋದಾಗ ತರಕಾರಿಯವಳು “ಸಾಂಬಾರ ಬೇಕೇ?” ಎಂದು ಕೇಳಿದಳಂತೆ. ಸಾಂಬಾರನ್ನು ಕಟ್ಟುಕಟ್ಟಾಗಿ ಮಾರುವ ಊರು ಯಾವುದಪ್ಪಾ ಎಂದು ಇವರು ಬೆರಗಾದರು! ವಿದರ್ಭದ ಮರಾಠಿಯಲ್ಲಿ ಸಾಂಬಾರವೆಂದರೆ ಕೊತ್ತಂಬರಿ ಸೊಪ್ಪು. ನಮ್ಮ ಅಡಿಗೆಮನೆಯಲ್ಲಿ ಅದು ಬೇಳೆಯದು. ನಾಗಪುರದ ಉತ್ತರಕ್ಕಿರುವ ಪೇಂಚ್ ಕಾಡಿಗೆ ಹೋದರೆ ಸಾಂಬರ್ ಎಂಬುದು ನಾಲ್ಕು ಕಾಲಿನ ದೊಡ್ಡ ಜಿಂಕೆ. ನಾವು ಮಲೆನಾಡಿನಲ್ಲಿ ಕಡವೆ ಎನ್ನುವ ಪ್ರಾಣಿ.

ಎಲ್ಕ್ ಎಂಬ ಹೆಸರಿನ ಪಾಡೂ ಹೀಗೆಯೇ. ಯೂರೋಪಿನಲ್ಲಿ ಎಲ್ಕ್ ಎಂದರೆ, ಅಮೆರಿಕದವರು ಮೂಸ್ ಎಂದು ಕರೆಯುವ, ಹಲಗೆಗೊಂಬಿನ ಭಾರಿ ಪ್ರಾಣಿ. ಅಮೆರಿಕದಲ್ಲಿ ಎಲ್ಕ್ ಎಂದರೆ ಬೇರೊಂದು ಜಿಂಕೆ. ಅದಕ್ಕೆ ವಾಪಿಟಿ ಎಂದೂ ಹೆಸರುಂಟು. ಇನ್ನು ಸಿಂಹಳಕ್ಕೂ ನೀಲಗಿರಿಗೂ ಬಂದ ಇಂಗ್ಲಿಷರು ನಮ್ಮ ಕಡವೆಯನ್ನೇ ಎಲ್ಕ್ ಎಂದರು. ಸಿಂಹಳದಲ್ಲಿ ಬೇಟೆಯಾಡಿದ ಸ್ಯಾಮ್ಯುಯೆಲ್ ಬೇಕರ್ ತನ್ನ ಪುಸ್ತಕದಲ್ಲಿ ಎಲ್ಕ್ ಎಂದು ಬರೆದದ್ದೆಲ್ಲ ಕಡವೆಯೇ. ಊಟಿಯಲ್ಲಿ ಎಲ್ಕ್ ಹಿಲ್ ಎಂಬ ಗುಡ್ಡದ ಹೆಸರು ಇಂದಿಗೂ ಉಳಿದಿದೆ.

ಹೆಸರು ತಪ್ಪಾದರೂ ಹೋಲಿಕೆ ತಪ್ಪಲ್ಲ. ಬೆಳೆದ ಗಂಡು ಕಡವೆ 200ರಿಂದ 300 ಕಿಲೋ ತೂಗುತ್ತದೆ. ಕೊಲೊರಾಡೊದ ಗಂಡು ಎಲ್ಕ್ 300 ಕಿಲೋವಿನ ಆಸುಪಾಸು; ದೊಡ್ಡದಾದರೆ ಅದನ್ನೂ ಮೀರುತ್ತದೆ. ಕಡವೆಯ ಒಂದೊಂದು ಕೊಂಬಿಗೆ ಮೂರು ಕವಲಾದರೆ, ಎಲ್ಕಿನದಕ್ಕೆ ಸಾಮಾನ್ಯವಾಗಿ ಆರು. ಎರಡೂ ದಪ್ಪ ಚರ್ಮದ, ಗಟ್ಟಿ ಎಲುಬಿನ, ಏಟು ತಿಂದರೂ ಓಡುವ ಪ್ರಾಣಿಗಳು. ಆದ್ದರಿಂದ ಕಡವೆಯ ವಿಷಯದಲ್ಲಿ ನಮ್ಮ ಹಳಬರು ಕಲಿತ ಪಾಠ ಅಲ್ಲಿಗೂ ಸಲ್ಲುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಡವೆಯತ್ತ ಕೋವಿ ಎತ್ತುವುದು ಅಪರಾಧ. ಅದು ಸರಿಯಾದ ಕಾನೂನು ಎಂದೇ ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಪ್ರತಿ ರಾಜ್ಯವೂ ಪ್ರಾಣಿಗಳ ಎಣಿಕೆ ನೋಡಿ, ಇಂಥ ಪ್ರದೇಶದಲ್ಲಿ ಇಷ್ಟು ಎಂದು ಪರವಾನಗಿ ಕೊಡುತ್ತದೆ. ಈ ಸಭೆಯಲ್ಲಿ ಕೊಲ್ಲುವ ಮಾತೇ ಬೇಡವೆನ್ನುವ ಹಿರಿಯರಿದ್ದಾರೆ. ಅವರ ಭಾವನೆಗೆ ನನ್ನ ಗೌರವವಿದೆ. ಆದರೆ ನಮ್ಮ ಮಕ್ಕಳು ದೂರದ ನಾಡಿಗೆ ಹೋಗಿದ್ದಾರೆ. ಅಲ್ಲಿನ ಕಾನೂನು ಒಪ್ಪಿದ ಕೆಲಸಕ್ಕೆ ಅವರು ಕೈ ಹಾಕುವುದಾದರೆ, ಆ ಕೆಲಸವನ್ನು ನೋವು ಕಡಿಮೆಯಾಗುವಂತೆ ಮಾಡಲಿ ಎಂದು ಹೇಳುವುದು ಹಿರಿಯರ ಕರ್ತವ್ಯವೆಂದು ತಿಳಿದಿದ್ದೇನೆ.

ಈಗ ಒಂದು ಹಳೆಯ ಸಂಗತಿ. 1961ನೆಯ ಇಸವಿ. ನನಗೆ ಹನ್ನೆರಡು ವರ್ಷ. ಆಗ ಪರವಾನಗಿ ಪಡೆದು ಬೇಟೆಯಾಡಬಹುದಾಗಿತ್ತು. ನಮ್ಮ ತಂದೆ ಲೆಕ್ಕ ಬರೆಯುತ್ತಿದ್ದ ತೋಟಕ್ಕೆ ಪಟ್ಟಣದಿಂದ ಒಬ್ಬ ಅತಿಥಿ ಬಂದರು. ಅವರ ಕೈಯಲ್ಲಿ .315 ರೈಫಲ್ ಇತ್ತು. ನಮ್ಮ ಸರಕಾರದ ಕೋವಿ ಕಾರ್ಖಾನೆಯಲ್ಲಿ ತಯಾರಾಗುವ ಈ ರೈಫಲ್ ಒಳ್ಳೆಯದೇ, ಆದರೆ ಸ್ವಲ್ಪ ಭಾರ. ಘಟ್ಟ ಹತ್ತುವುದಕ್ಕೆ ಹಗುರವಾಗಲೆಂದು ಈ ಮಹನೀಯರು ಅದರ ನಳಿಗೆಯನ್ನು ಮೊಟಕು ಮಾಡಿಸಿ, ಮರದ ಹಿಡಿಯನ್ನು ಕೆತ್ತಿಸಿ ತೆಳ್ಳಗೆ ಮಾಡಿಸಿಕೊಂಡಿದ್ದರು. ನೋಡುವುದಕ್ಕೆ ಆಟದ ಸಾಮಾನಿನಂತೆ ಚೆಂದವಾಗಿತ್ತು. ಹಿಂದಿನ ಸಂಜೆ ತೋಟದ ಅಂಚಿನಲ್ಲಿ ಒಂದು ಡಬ್ಬಿ ಇಟ್ಟು ಎರಡು ಈಡು ಹೊಡೆದು ನೋಡಿದರು. ಎರಡನೆಯದಕ್ಕೆ ಕೋವಿ ಅವರ ಭುಜಕ್ಕೆ ಎಂಥ ಒದೆ ಕೊಟ್ಟಿತೆಂದರೆ, ಮೂರನೆಯ ತೋಟಾ ಹಾಕಲೇ ಇಲ್ಲ. “ಸರಿಯಾಗಿದೆ, ಸರಿಯಾಗಿದೆ,” ಎಂದು ಭುಜ ಉಜ್ಜಿಕೊಳ್ಳುತ್ತ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಬಿಸಿಲೆ ಕಡೆಯ ಕಾಡಿನಲ್ಲಿ ಒಂದು ಗಂಡು ಕಡವೆ ಅರವತ್ತು ಗಜ ದೂರದಲ್ಲಿ ಅಡ್ಡಲಾಗಿ ನಿಂತಿತ್ತು. ಅಷ್ಟು ದೊಡ್ಡ ಗುರಿ ಯಾರಿಗೂ ತಪ್ಪಬಾರದು. ಆದರೆ ಟ್ರಿಗರ್ ಎಳೆಯುವ ಗಳಿಗೆಯಲ್ಲಿ ಅವರು ಕಣ್ಣು ಮುಚ್ಚಿ ಭುಜ ಹಿಂದೆಗೆದುಕೊಂಡದ್ದನ್ನು ನಾನು ಪಕ್ಕದಿಂದ ಕಂಡೆ. ಗುಂಡು ಎದೆಗೆ ಬೀಳದೆ ಹೊಟ್ಟೆಗೆ ಬಿತ್ತು. ಕಡವೆ ಒಮ್ಮೆ ಬೆನ್ನು ಗೂನು ಮಾಡಿ ಇಳಿಜಾರಿನಲ್ಲಿ ಮಾಯವಾಯಿತು. ಜಾಡು ಹಿಡಿಯುವ ಮುದುಕನೊಬ್ಬ ನಮ್ಮ ಸಂಗಡ ಇದ್ದ. ಅಂದು ಸಂಜೆಯವರೆಗೆ, ಮಾರನೆಯ ದಿನ ಪೂರ್ತಿ, ಅವನು ರಕ್ತದ ಹನಿಯನ್ನೂ ಮಗುಚಿದ ಎಲೆಯನ್ನೂ ನೋಡುತ್ತ ನಡೆದ. ಮೂರನೆಯ ದಿನ ಹಳ್ಳವೊಂದರ ನೀರಿನಲ್ಲಿ ಅದು ಸತ್ತು ಬಿದ್ದಿತ್ತು. ಉರಿ ತಾಳಲಾರದೆ ನೀರಿಗೆ ಇಳಿದಿರಬೇಕು. ಮಾಂಸ ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಮುದುಕ ಅತಿಥಿಗಳ ಮುಖ ನೋಡದೆ, ನಮ್ಮ ತಂದೆಯವರಿಗೆ ಹೇಳಿದ: “ಕೋವಿ ಹಗುರಾತು ಅಯ್ಯಾ. ಆ ಭಾರ ಎಲ್ಲ ಕಡವೆ ಹೊತ್ತುಕೊಂತು.”

ನನ್ನ ಅಳಿಯ ‘ಹಗುರ ರೈಫಲ್’ ಎಂದ ಕೂಡಲೇ ನನ್ನ ಕಿವಿಯಲ್ಲಿ ಕೇಳಿಸಿದ್ದು ಈ ಮಾತು.

ಹಾಗೆಂದು ಹುಡುಗನ ಬಯಕೆ ಮೂರ್ಖತನವೇನಲ್ಲ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರು. ಕೊಲೊರಾಡೊದಲ್ಲಿ ಎಲ್ಕ್ ಬೇಟೆ ಬಹುಮಟ್ಟಿಗೆ ನಡೆಯುವುದು 2,400ರಿಂದ 3,300 ಮೀಟರಿನ ಎತ್ತರದಲ್ಲಿ. ಗಾಳಿ ತೆಳು, ಅಕ್ಟೋಬರ್ ನವೆಂಬರಿನಲ್ಲಿ ಹಿಮವೂ ಬೀಳುವುದುಂಟು. ಬೆಳಗಿನಿಂದ ಸಂಜೆಯವರೆಗೆ ಕೋವಿ ಹೆಗಲ ಮೇಲಿರುತ್ತದೆ; ಹಾರುವುದು ಒಂದೋ ಎರಡೋ ಗುಂಡು, ಅದೂ ಹಾರಿದರೆ. ಸಾಧಾರಣ ರೈಫಲ್ ದುರ್ಬೀನು ಸಹಿತ ನಾಲ್ಕು ಕಿಲೋ ತೂಗುತ್ತದೆ. ಈಗ ಬೆಟ್ಟದ ಬೇಟೆಗೆಂದೇ ಎರಡೂಕಾಲು, ಎರಡೂವರೆ ಕಿಲೋವಿನ ರೈಫಲುಗಳನ್ನೂ ಮಾಡುತ್ತಾರೆ. ಮರದ ಹಿಡಿಯ ಬದಲು ಇಂಗಾಲದ ನಾರಿನ ಹಿಡಿ, ತೆಳು ನಳಿಗೆ, ಕೊರೆದು ತೆಗೆದ ಉಕ್ಕು. ದಣಿದವನ ಕೈ ನಡುಗುತ್ತದೆ. ದಣಿಯದಿರುವುದೂ ಗುರಿಗೆ ಸಹಾಯವೇ.

ಆದರೆ ಇದಕ್ಕೊಂದು ಬೆಲೆಯಿದೆ, ಆ ಬೆಲೆಯನ್ನು ಲೆಕ್ಕ ಹಾಕಬಹುದು. ಇಲ್ಲಿ ಟರ್ಬೈನಿನವನ ಬುದ್ಧಿ ಸ್ವಲ್ಪ ಉಪಯೋಗಕ್ಕೆ ಬಂತು. ಗುಂಡೂ ಮದ್ದಿನ ಹೊಗೆಯೂ ಎಷ್ಟು ಸಂವೇಗದಿಂದ ಮುಂದಕ್ಕೆ ಹೋಗುತ್ತವೆಯೋ, ಕೋವಿ ಅಷ್ಟೇ ಸಂವೇಗದಿಂದ ಹಿಂದಕ್ಕೆ ಬರುತ್ತದೆ. ತೋಟಾ ಅದೇ ಇದ್ದು ಕೋವಿಯ ತೂಕ ಅರ್ಧವಾದರೆ, ಒದೆತದ ಶಕ್ತಿ ಎರಡರಷ್ಟಾಗುತ್ತದೆ. ಸಂಧಾನಕ್ಕೆ ಅಲ್ಲಿ ಎಡೆಯಿಲ್ಲ; ಅದು ನ್ಯೂಟನ್ನನ ನಿಯಮ.

ಅಮೆರಿಕದಲ್ಲಿ ಮನೆಮಾತಾಗಿರುವ .30-06 ತೋಟಾವನ್ನು ತೆಗೆದುಕೊಳ್ಳಿ. 1906ರಲ್ಲಿ ಬಂದದ್ದರಿಂದ ಅದಕ್ಕೆ ಆ ಹೆಸರು. ಅದರ ಗುಂಡು ಹೆಚ್ಚಾಗಿ 180 ಗ್ರೇನ್, ಅಂದರೆ ಸರಿಯಾಗಿ ನಮ್ಮ ಹಳೆಯ ಒಂದು ತೊಲ. ಒಂದು ಬೆಳ್ಳಿಯ ರೂಪಾಯಿಯ ತೂಕ. ನಾಲ್ಕು ಕಿಲೋವಿನ ಕೋವಿಯಿಂದ ಅದನ್ನು ಹಾರಿಸಿದರೆ ಭುಜಕ್ಕೆ ಬರುವ ಒದೆತ, ನನ್ನ ಲೆಕ್ಕದಲ್ಲಿ, ಸುಮಾರು 25 ಜೂಲ್. ಎರಡೂಮುಕ್ಕಾಲು ಕಿಲೋವಿನ ಕೋವಿಯಿಂದಾದರೆ ಸುಮಾರು 36. ಜೂಲ್ ಎಂದರೆ ಮನಸ್ಸಿಗೆ ಹತ್ತದಿದ್ದರೆ ಹೀಗೆ ತಿಳಿಯಿರಿ: ಎರಡು ಕಿಲೋ ಬೆಲ್ಲದ ಅಚ್ಚು ಒಂದು ಮೀಟರ್ ಎತ್ತರದಿಂದ ಬಿದ್ದರೆ 20 ಜೂಲ್ ಆಯಿತು.

ಆದ್ದರಿಂದ ಮೊದಲು ಕೋವಿಯ ತೂಕ, ಆಮೇಲೆ ಕ್ಯಾಲಿಬರ್ ಎಂದು ಎರಡನ್ನೂ ಬೇರೆಬೇರೆಯಾಗಿ ಆರಿಸುವುದಕ್ಕಾಗದು. ಕೋವಿ ಹಗುರವಾದಷ್ಟೂ ತೋಟಾ ಸೌಮ್ಯವಾಗಬೇಕು. ಮೂರು ಕಿಲೋವಿನ ಒಂದೇ ಕೋವಿಗೆ ಮೂರು ತೋಟಾಗಳ ಒದೆತವನ್ನು ಲೆಕ್ಕ ಹಾಕಿದೆ. 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಮ್: ಸುಮಾರು 43 ಜೂಲ್. .30-06: ಸುಮಾರು 33. 1980ರಲ್ಲಿ ರೆಮಿಂಗ್ಟನ್ನಿನವರು ಹೊರತಂದ 7 ಮಿ.ಮೀ.-08: ಸುಮಾರು 20. ಕೊನೆಯದರ ಗುಂಡು 140 ಗ್ರೇನ್. ಮುಕ್ಕಾಲು ತೊಲಕ್ಕಿಂತ ಕೊಂಚ ಹೆಚ್ಚು.

ಅಷ್ಟು ಚಿಕ್ಕ ಗುಂಡಿಗೆ 300 ಕಿಲೋವಿನ ಪ್ರಾಣಿ ಬಿದ್ದೀತೇ ಎಂದು ಅಳಿಯನೂ ಕೇಳಿದ. ಇಲ್ಲಿ ಚರಿತ್ರೆ ಸಹಾಯಕ್ಕೆ ಬರುತ್ತದೆ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟನಿಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಉಡುಗೊರೆಯಾಗಿ ಕೊಟ್ಟದ್ದು .275 ರಿಗ್ಬಿ ರೈಫಲ್. ಅದರ ತೋಟಾ 1892ರ ಸುಮಾರಿಗೆ ಜರ್ಮನಿಯಲ್ಲಿ ಹುಟ್ಟಿದ 7 ಮಿ.ಮೀ. ಮೌಸರೇ, ಇಂಗ್ಲೆಂಡಿನಲ್ಲಿ ಅದಕ್ಕೆ ಬೇರೆ ಹೆಸರಿಟ್ಟರು. ಈ ವಾಚನಾಲಯದಲ್ಲಿ ಕಾರ್ಬೆಟ್ಟನ ಪುಸ್ತಕಗಳನ್ನು ಓದಿದವರಿಗೆ ಆ ಹಗುರ ಕೋವಿಯ ಪರಿಚಯವಿದ್ದೇ ಇದೆ. ಇಂದಿನ 7 ಮಿ.ಮೀ.-08 ಬಲದಲ್ಲಿ ಹೆಚ್ಚುಕಡಿಮೆ ಅದಕ್ಕೆ ಸಮ.

ಆದರೆ ಇದೇ ಚರಿತ್ರೆಯಿಂದ ತಪ್ಪು ಪಾಠ ಕಲಿಯುವುದೂ ಸಾಧ್ಯ. ಆಫ್ರಿಕದಲ್ಲಿ ಬೆಲ್ ಎಂಬ ಬೇಟೆಗಾರ ಇದೇ .275 ಕೋವಿಯಿಂದ ನೂರಾರು ಆನೆಗಳನ್ನು ಕೆಡವಿದ. ಅದನ್ನು ಓದಿ, ಚಿಕ್ಕ ಕ್ಯಾಲಿಬರ್ ಯಾರ ಕೈಯಲ್ಲಿದ್ದರೂ ಸಾಕು ಎಂದು ವಾದಿಸುವವರುಂಟು. ಬೆಲ್ ಆನೆಯ ತಲೆಬುರುಡೆಯನ್ನು ಕೊಯ್ದು, ಮಿದುಳು ಎಲ್ಲಿದೆ ಎಂದು ಅಭ್ಯಾಸ ಮಾಡಿದವನು. ಅಷ್ಟೇ ಅಲ್ಲ, ಅವನು ಬಳಸಿದ್ದು ಅರಳದ ಗಟ್ಟಿ ಗುಂಡು. ಜಿಂಕೆಯ ಜಾತಿಗೆ ಆ ಗುಂಡು ಸಲ್ಲದು. ಸೂಜಿಯಂತೆ ತೂರಿಹೋಗುತ್ತದೆ, ಪ್ರಾಣಿ ಮೈಲಿಗಟ್ಟಲೆ ಓಡಿ ಸಾಯುತ್ತದೆ.

ಎಲ್ಕಿಗೆ ಬೇಕಾದದ್ದು ಒಳಹೊಕ್ಕ ಮೇಲೆ ಅಣಬೆಯಂತೆ ಅರಳುವ, ಆದರೆ ಚೂರುಚೂರಾಗದೆ ಆಳಕ್ಕೆ ಇಳಿಯುವ ಗುಂಡು. ಚಿಕ್ಕ ಜಿಂಕೆಗೆಂದು ಮಾಡಿದ ಮೃದುವಾದ ಗುಂಡು ಎಲ್ಕಿನ ಭುಜದೆಲುಬಿಗೆ ಬಡಿದು ಅಲ್ಲಿಯೇ ಒಡೆಯಬಹುದು. ಅದಕ್ಕಾಗಿ ಸೀಸವನ್ನು ತಾಮ್ರದ ಕವಚಕ್ಕೆ ಬೆಸೆದ ಗುಂಡುಗಳನ್ನೂ, ಪೂರ್ತಿ ತಾಮ್ರದ ಗುಂಡುಗಳನ್ನೂ ಈಗ ತಯಾರಿಸುತ್ತಾರೆ. ತಾಮ್ರದ್ದಕ್ಕೆ ಇನ್ನೊಂದು ಗುಣವಿದೆ: ಬೇಟೆಗಾರ ಬಿಟ್ಟುಹೋದ ಕರುಳು ಮೂಳೆಗಳನ್ನು ತಿನ್ನುವ ಹದ್ದುಗಳ ಹೊಟ್ಟೆಗೆ ಸೀಸದ ವಿಷ ಸೇರುವುದಿಲ್ಲ. ಕ್ಯಾಲಿಬರಿನ ಬಗ್ಗೆ ರಾತ್ರಿಯಿಡೀ ವಾದಿಸುವವರು ಗುಂಡಿನ ಬಗ್ಗೆ ಐದು ನಿಮಿಷ ಯೋಚಿಸುವುದಿಲ್ಲ. ನನ್ನ ಮಟ್ಟಿಗೆ, 7 ಮಿ.ಮೀ.ಯೋ .308ಓ ಎಂಬುದಕ್ಕಿಂತ ಇದು ಮುಖ್ಯ.

ಕಾನೂನು ಏನು ಹೇಳುತ್ತದೆಂದು ನೋಡಿದರೆ, ಕೊಲೊರಾಡೊ ರಾಜ್ಯ ಎಲ್ಕಿಗೆ ಕನಿಷ್ಠ .24 ಕ್ಯಾಲಿಬರ್, ಕನಿಷ್ಠ 85 ಗ್ರೇನಿನ ಅರಳುವ ಗುಂಡು ಎಂದು ವಿಧಿಸಿದೆ. ಅದು ನೆಲಗಟ್ಟು ಮಾತ್ರ. ನೂರಕ್ಕೆ ಮೂವತ್ತೈದು ಅಂಕ ತೆಗೆದರೆ ಪಾಸು ಎಂದ ಮಾತ್ರಕ್ಕೆ ಮೂವತ್ತೈದಕ್ಕೇ ಓದಬೇಕೆಂದಿಲ್ಲವಲ್ಲ. 1949ರ ಜನವರಿ 1ರಂದು ಅಥವಾ ಅದರಿಂದೀಚೆಗೆ ಹುಟ್ಟಿದವರೆಲ್ಲ ಅಲ್ಲಿ ಬೇಟೆಯ ಶಿಕ್ಷಣ ಪಡೆದು ತೇರ್ಗಡೆಯಾದ ಮೇಲೆಯೇ ಪರವಾನಗಿ. ರೈಫಲ್ ಬೇಟೆಗೆ ಹೋದವರು ದೂರಕ್ಕೆ ಎದ್ದು ಕಾಣುವ ಕಿತ್ತಳೆ ಇಲ್ಲವೆ ಗುಲಾಬಿ ಬಣ್ಣದ ಅಂಗಿ ಟೊಪ್ಪಿಗೆ ತೊಡಬೇಕು. ಕೊಂದ ಪ್ರಾಣಿಯ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದೂ ಅಪರಾಧ. ಇನ್ನೊಂದು ವಿಷಯವನ್ನು, ಮಕ್ಕಳನ್ನು ಕೆಲಸದ ವೀಸಾದ ಮೇಲೆ ಅಲ್ಲಿಗೆ ಕಳಿಸಿದ ತಂದೆತಾಯಿಗಳು ಗಮನಿಸಬೇಕು. ಖಾಯಂ ನಿವಾಸಿಗಳಲ್ಲದೆ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿನ ಬೇಟೆ ಪರವಾನಗಿ ಕೈಯಲ್ಲಿದ್ದರೆ ಅದಕ್ಕೊಂದು ವಿನಾಯಿತಿ ಉಂಟು. ಆದ್ದರಿಂದ ಮೊದಲು ಪರವಾನಗಿ, ಆಮೇಲೆ ಕೋವಿ. ಅಂಗಡಿಯ ಗಾಜಿನ ಮುಂದೆ ನಿಂತು ಆಸೆಪಡುವ ಮೊದಲು ಇದನ್ನು ತಿಳಿದಿರಬೇಕು.

ಇಷ್ಟನ್ನೂ ಯೋಚಿಸಿ ಅಳಿಯನಿಗೆ ನಾನು ಹೇಳಿದ್ದು ನಾಲ್ಕೇ ಮಾತು.

ಮೊದಲನೆಯದು, ಕೋವಿಯನ್ನು ಬರಿದೆ ತೂಗಬೇಡ. ದುರ್ಬೀನು, ಪಟ್ಟಿ, ತೋಟಾ ಎಲ್ಲ ಸೇರಿಸಿ ತೂಗು. ಮೂರೂಕಾಲರಿಂದ ಮೂರೂವರೆ ಕಿಲೋ ಇರಲಿ. ಅದಕ್ಕಿಂತ ಹಗುರವಾದರೆ ಒದೆತದ ಮಾತು ಹಾಗಿರಲಿ, ಏದುಸಿರು ಬಿಡುತ್ತಿರುವಾಗ ಕೋವಿಯ ಮೂತಿ ಗಾಳಿಪಟದಂತೆ ಆಡುತ್ತದೆ. ಸ್ವಲ್ಪ ಭಾರವಿದ್ದ ಕೋವಿ ಕೈಯಲ್ಲಿ ನೆಲೆ ನಿಲ್ಲುತ್ತದೆ. ತೂಕ ಇಳಿಸಲೇಬೇಕೆಂದರೆ ದೊಡ್ಡ ದುರ್ಬೀನಿನ ಬದಲು ಚಿಕ್ಕದನ್ನು ಹಾಕಿಸು. ಅರ್ಧ ಕಿಲೋ ಅಲ್ಲಿಯೇ ಉಳಿದೀತು. ಎಲ್ಕ್ ಬಿದ್ದರೆ ಎಲುಬು ಬಿಡಿಸಿದ ಮಾಂಸವೇ ನೂರು ಕಿಲೋವಿನಷ್ಟು ಹೊರಬೇಕಾಗುತ್ತದೆ. ಆಗ ಕೋವಿಯ ಅರ್ಧ ಕಿಲೋ ಯಾರಿಗೂ ನೆನಪಿರುವುದಿಲ್ಲ.

ಎರಡನೆಯದು, 7 ಮಿ.ಮೀ.-08 ತೆಗೆದುಕೋ, ಸಿಗದಿದ್ದರೆ 1952ರಿಂದ ಬಂದಿರುವ.308. ಮ್ಯಾಗ್ನಮ್ ಬೇಡ. ಮೂತಿಗೆ ತೂತುಗಳ ಗೊಳವೆ ಸಿಕ್ಕಿಸಿ ಒದೆತ ತಗ್ಗಿಸಬಹುದೆಂದು ಅಂಗಡಿಯವನು ಹೇಳಿಯಾನು. ನಿಜವೇ, ಆದರೆ ಆ ಸದ್ದಿಗೆ ಕಿವಿ ಹೋಗುತ್ತದೆ. ಮೂವತ್ತು ವರ್ಷ ಟರ್ಬೈನಿನ ಸದ್ದಿನಲ್ಲಿದ್ದವನ ಮಾತು ಇದು, ಕೇಳು.

ಮೂರನೆಯದು, ಅಭ್ಯಾಸ. ಎಲ್ಕಿನ ಎದೆಯಲ್ಲಿ ಶ್ವಾಸಕೋಶ ಹೃದಯಗಳಿರುವ ಜಾಗ ಸುಮಾರು ನಮ್ಮ ಮುತ್ತುಗದ ಪತ್ರಾವಳಿಯಷ್ಟು ಅಗಲ. ಕುಳಿತು, ಮಂಡಿಯೂರಿ, ಮರಕ್ಕೆ ಒರಗಿ, ಸ್ವಲ್ಪ ಓಡಿ ದಣಿದು ಹೊಡೆದು ನೋಡು. ಅರ್ಧ ಪತ್ರಾವಳಿಯೊಳಗೆ ಎಲ್ಲ ಗುಂಡೂ ಬೀಳುವ ದೂರ ಎಷ್ಟೋ ಅಷ್ಟೇ ನಿನ್ನ ದೂರ. ಕೋವಿಯ ಗುಂಡು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೂ ನೀನು ಎಷ್ಟು ದೂರಕ್ಕೆ ಹೊಡೆಯಬಲ್ಲೆ ಎಂಬುದಕ್ಕೂ ಸಂಬಂಧವಿಲ್ಲ. ಹೊಡೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತೀಯೋ ಎಂದು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ನೋಡಿಸಿಕೋ. ಮುಚ್ಚಿದರೆ ಆ ಕೋವಿ ನಿನ್ನದಲ್ಲ.

ನಾಲ್ಕನೆಯದು, ಸಂದೇಹ ಬಂದರೆ ಕೋವಿ ಇಳಿಸು. ಏಟು ಬಿದ್ದರೆ ಜಾಡು ಬಿಡಬೇಡ. ಅರ್ಧ ಗಂಟೆ ಸುಮ್ಮನೆ ಕುಳಿತು, ಆಮೇಲೆ ಹುಡುಕು. ಕತ್ತಲಾದರೆ ಮಾರನೆಯ ದಿನವೂ ಹುಡುಕು.

ಕೊಡಗಿನಲ್ಲಿ ಕೋವಿಯನ್ನು ಮನೆಯ ಸದಸ್ಯನಂತೆ ಕಾಣುತ್ತಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುತ್ತಾರೆ. ಮನೆಯಲ್ಲಿ ಸಾವಾದರೆ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಬ್ರಿಟಿಷರ ಕಾಲದಿಂದ ಅವರಿಗಿದ್ದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಆ ನಂಬಿಕೆ ಬಂದದ್ದು ಕೋವಿಯನ್ನು ಹೊಣೆಯಿಂದ ಹಿಡಿದವರ ನಡತೆಯಿಂದ. ನಮ್ಮ ಹುಡುಗರು ಹೊರನಾಡಿನಲ್ಲಿ ಕೋವಿ ಹಿಡಿದರೆ, ಆ ನಡತೆಯೂ ಅವರ ಜೊತೆಗೆ ಹೋಗಲಿ ಎಂಬುದು ನನ್ನ ಆಸೆ.

ಇನ್ನು ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಅಳಿಯ ನನ್ನ ಮಾತಿನಂತೆ 7 ಮಿ.ಮೀ.-08 ಕೊಂಡ. ಬೇಸಿಗೆಯೆಲ್ಲ ಅಭ್ಯಾಸ ಮಾಡಿದ. ತನ್ನ ದೂರ 250 ಮೀಟರೆಂದು ಕಂಡುಕೊಂಡ. ಅಕ್ಟೋಬರಿನಲ್ಲಿ ಬೆಟ್ಟಕ್ಕೆ ಹೋದ. ಮೂರನೆಯ ದಿನ ಸಂಜೆ ಎದುರಿನ ಇಳಿಜಾರಿನಲ್ಲಿ ಆರು ಕವಲಿನ ಗಂಡು ಎಲ್ಕ್ ಮೇಯುತ್ತ ಕಾಣಿಸಿತಂತೆ. ಅಳೆದು ನೋಡಿದರೆ ದೂರ 400 ಮೀಟರಿಗೂ ಮೇಲೆ. ನಡುವೆ ಕಣಿವೆ. ಬೆಳಕು ಇಳಿಯುತ್ತಿತ್ತು. “ಮ್ಯಾಗ್ನಮ್ ತಂದಿದ್ರೆ ಹೊಡೀಬಹುದಿತ್ತು,” ಎಂದನಂತೆ ಜೊತೆಗಾರ. ಇವನು ಕೋವಿ ಎತ್ತಲಿಲ್ಲ. ದುರ್ಬೀನಿನಲ್ಲಿ ಅದನ್ನು ಕತ್ತಲಾಗುವವರೆಗೆ ನೋಡುತ್ತ ಕುಳಿತಿದ್ದನಂತೆ.

“ಮಾವ, ಬರಿಗೈಲಿ ಬಂದೆ,” ಎಂದು ಫೋನಿನಲ್ಲಿ ಸ್ವಲ್ಪ ನಾಚಿಕೆಯಿಂದಲೇ ಹೇಳಿದ. ಆಗ ಅವನಿಗೆ 1961ರ ಆ ಕಡವೆಯ ಕಥೆ ಹೇಳಿದೆ. ಅದುವರೆಗೆ ಹೇಳಿರಲಿಲ್ಲ. ಆ ಕಡೆಯಿಂದ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ, “ಈ ವರ್ಷ ಮತ್ತೆ ಹೋಗ್ತೀನಿ ಮಾವ, ಅದೇ ಕೋವಿ ತಗೊಂಡು,” ಎಂದ.

ನನಗೆ ಸಮಾಧಾನವಾಯಿತು.